ಹತ್ತು ಮರ ಅಂದರೆ ಹತ್ತು ಮನೆತನ ಅಂತ ನಾನೂ ಅಂದುಕೊಂಡಿದ್ದೆ

ದೇವರಕಾಡಿನ ಹತ್ತು ಬಿಳಿ ದೇವದಾರಿ (ನಮ್ಮ ಪಶ್ಚಿಮ ಘಟ್ಟದ ಕಾಡುಮರ) ಮರಗಳ ಬೀಜ ತಂದು ನರ್ಸರಿ ಮಾಡ್ತೀನಿ, ತೋಟದ ನಡುವಿನ ಒಂಟಿ ಮರ ಬೇಡ, ಅದರ ಬೀಜಕ್ಕೆ ಕಸುವಿರಲ್ಲ ಅಂತ ಬರೆದಿದ್ದೀರಿ. ಓದಿ ಹೊಟ್ಟೆ ಉರಿಯಿತು. ಇದೇ ಲೆಕ್ಕ ನಂಬಿ ನಾನು ಏಳು ವರ್ಷ ಕಳೆದುಕೊಂಡೆ.

ನಮ್ಮದೂ ಕೊಡಗು, ಕಾಫಿ ತೋಟ. ಪಕ್ಕದಲ್ಲೇ ಒಂದು ಪುಟ್ಟ ದೇವರಕಾಡು. ಅಲ್ಲಿ ಒಂಬತ್ತು ದೇವದಾರಿ. ಮಳೆಗಾಲದಲ್ಲಿ ಒಂಬತ್ತರ ಬುಡದಲ್ಲೂ ಹಣ್ಣು ಆಯ್ದೆ. ಒಂದೇ ಮರದಿಂದ ತೆಗೆಯಬಾರದು ಅನ್ನುವಷ್ಟು ಬುದ್ಧಿ ಇತ್ತು, ಅದರ ಜಂಬವೂ ಇತ್ತು. ಎಲ್ಲವನ್ನೂ ಒಂದೇ ಗೋಣಿಗೆ ಸುರಿದೆ. ಏಳುನೂರು ಸಸಿ ಎದ್ದವು. ಅಕ್ಕಪಕ್ಕದ ಊರಿಗೆಲ್ಲ ಹಂಚಿದೆ.

ಆಮೇಲೊಬ್ಬ ಸಂಶೋಧನಾ ವಿದ್ಯಾರ್ಥಿ ಎಲೆ ಕೀಳಲು ಬಂದ. ಕೈಯಲ್ಲಿ ಜಿಪಿಎಸ್, ಚೀಲದಲ್ಲಿ ಎಲೆ ಒಣಗಿಸೋ ಸಿಲಿಕಾ ಜೆಲ್. ನನ್ನ ಸಾಧನೆ ಹೇಳಿಕೊಂಡೆ. ಅವನು ಕೇಳಿದ್ದು ಒಂದೇ: "ಮರ ಮರಕ್ಕೆ ಎಷ್ಟು ದೂರ?" ನಾನು ಮರ ಎಣಿಸಿದ್ದೆ, ದೂರ ಅಳೆದಿರಲಿಲ್ಲ. ಅಳೆದರೆ ಒಂಬತ್ತೂ ಅರವತ್ತು ಮೀಟರ್ ಒಳಗೇ ಇದ್ದವು. ಡಿಎನ್‌ಎ ನೋಡಿದ ಮೇಲೆ ಫೋನ್ ಮಾಡಿದ: ಹೆಚ್ಚಿನವು ಒಂದೇ ಮನೆಯವು.

ಇದನ್ನು ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಯಾಕಂದ್ರೆ ನಾನು ಎಡವಿದ್ದು ಇಲ್ಲೇ. ಮರದ ವಂಶ ಎರಡು ದಾರಿಯಲ್ಲಿ ಓಡಾಡುತ್ತದೆ: ಪರಾಗ ಮತ್ತು ಬೀಜ. ಪರಾಗ ದೂರ ಹೋಗಬಹುದು, ಬೀಜ ಅಷ್ಟು ಹೋಗಲ್ಲ. ಧೂಪದ ಬೀಜ ನೋಡಿ, ಭಾರಕ್ಕೆ ಬುಡದಲ್ಲೇ ಬೀಳುತ್ತದೆ. ದೇವದಾರಿ ಬೀಜವನ್ನು ಮಂಗಟ್ಟೆ ಹಕ್ಕಿ ಒಯ್ಯುತ್ತದೆ ನಿಜ, ಆದರೆ ಅದು ತಿನ್ನದೆ ಬಿಟ್ಟದ್ದೆಲ್ಲ ತಾಯಿಯ ನೆರಳಿಗೇ. ಹಾಗಾಗಿ ಅಜ್ಜಿ ಮರದ ಸುತ್ತ ಮಕ್ಕಳು, ಮಕ್ಕಳ ಸುತ್ತ ಮೊಮ್ಮಕ್ಕಳು. ಹತ್ತಿರ ನಿಂತವು ಹತ್ತಿರದ ನೆಂಟರು. ದೂರ ಹೋದಷ್ಟೂ ನೆಂಟಸ್ತಿಕೆ ತೆಳ್ಳಗಾಗುತ್ತದೆ. ಕಾಡಿನಲ್ಲಿ ವೈವಿಧ್ಯ ಉಪ್ಪಿಟ್ಟಿನ ಸಾಸಿವೆ ಹಾಗೆ ಎಲ್ಲ ಕಡೆ ಹರಡಿರಲ್ಲ, ಕೇರಿ ಕೇರಿಯಾಗಿ ಇರುತ್ತದೆ. ನಾನು ಒಂದೇ ಕೇರಿಯಲ್ಲಿ ಒಂಬತ್ತು ಬಾಗಿಲು ತಟ್ಟಿ ಊರೆಲ್ಲ ಸುತ್ತಿದೆ ಅಂದುಕೊಂಡಿದ್ದೆ. (ಶ್ರೀಗಂಧದಲ್ಲಂತೂ ಬೇರಿನಿಂದಲೇ ಚಿಗುರು ಏಳುತ್ತದೆ. ಹತ್ತು ಕಾಂಡ ಕಂಡರೂ ಒಂದೇ ಮರ ಇರಬಹುದು!)

ಗೋಣಿ ಒಂದೇ ಆಗಿದ್ದರಿಂದ ಯಾವ ಸಸಿ ಯಾವ ತಾಯಿಯದು ಅಂತ ಬೇರೆ ಮಾಡೋಕೂ ಆಗಲಿಲ್ಲ. ಕೊಟ್ಟಿದ್ದನ್ನು ವಾಪಸ್ ಕೇಳೋದು ಹೇಗೆ? ನಾಳೆ ಅವು ಹೂ ಬಿಟ್ಟಾಗ ಅಣ್ಣ ತಂಗಿಯರೇ ಕೂಡುವ ಹಾಗೆ ನಾನೇ ಸಾಲಾಗಿ ನೆಡಿಸಿಬಿಟ್ಟೆ.

ಇನ್ನು ನಿಮ್ಮ ಒಂಟಿ ಮರ. ಅಲ್ಲಿ ನೀವು ತಪ್ಪು. ಕೊಡಗಿನ ಇದೇ ಜಾತಿಯ ಮರದ ಮೇಲೆ 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 216 ಚದರ ಕಿಲೋಮೀಟರ್ ಜಾಗ, ನೆಂಟಸ್ತಿಕೆ ಪತ್ತೆ ಮಾಡೋಕೆ 11 ಡಿಎನ್‌ಎ ಗುರುತುಗಳು (ಮೈಕ್ರೋಸ್ಯಾಟಲೈಟ್). ಒಂಟಿ ಮರಗಳಿಗೆ ಎಷ್ಟೋ ಸಲ 5 ಕಿಲೋಮೀಟರಿಗಿಂತ ದೂರದಿಂದ, ಬೇರೆ ಬೇರೆ ಮರಗಳ ಪರಾಗ ಬಂದಿತ್ತು. ಕಷ್ಟ ಇದ್ದದ್ದು ಮರಗಳು ವಿರಳವಾಗಿದ್ದ ಕಾಡಿನ ತುಂಡುಗಳಲ್ಲಿ. ಅಲ್ಲಿ ಪಕ್ಕದ ಮರದ ಜೊತೆಗೇ ಕೂಡುವುದು ಜಾಸ್ತಿ, ಆ ಪಕ್ಕದ ಮರ ನೆಂಟನೂ ಹೌದು. ನೆಂಟರು ಹೀಗೆ ಹತ್ತಿರ ಹತ್ತಿರ ಗುಂಪಾಗಿರುವುದು ಎಳೆಯ ಮರಗಳಲ್ಲಿ ದೊಡ್ಡ ಮರಗಳಿಗಿಂತ ಹೆಚ್ಚಿತ್ತು. ಅಂದರೆ ನೀವು ಬಿಡ್ತೀನಿ ಅನ್ನುವ ಮರವೇ ಹೊಸ ರಕ್ತ ತರುತ್ತಿರಬಹುದು. ಹಾಗಂತ ಅದೊಂದರಿಂದಲೇ ನರ್ಸರಿ ತುಂಬಿಸಬೇಡಿ, ತಾಯಿ ಒಬ್ಬಳೇ ಅಲ್ವಾ.

ನಾನೀಗ ಒಂದು ದೇವರಕಾಡಿಗೆ ಎರಡೇ ಮರ ಮುಟ್ಟೋದು, ಅದೂ ಆಚೆ ತುದಿಯದೊಂದು, ಈಚೆ ತುದಿಯದೊಂದು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಬೈಕ್ ತೆಗೀರಿ. ಅಲ್ಲಿನ ತಕ್ಕರನ್ನು (ಊರಿನ, ದೇವಸ್ಥಾನದ ಮುಖ್ಯಸ್ಥರನ್ನು) ಕೇಳಿಯೇ ಒಳಗೆ ಹೋಗಿ. ಮರಕ್ಕೊಂದು ಚೀಲ, ಚೀಲಕ್ಕೊಂದು ಚೀಟಿ. ಚೀಟಿ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನಮ್ಮ ಜುಲೈ ಮಳೆಗೆ ನಿಲ್ಲಲ್ಲ. ಬೀಜ ಒಣಗಿಸಿ ಇಡೋಕೆ ಹೋಗಬೇಡಿ, ಬೇಗ ಸಾಯುತ್ತದೆ. ತಂದ ವಾರದಲ್ಲೇ ಪಾತಿಗೆ ಹಾಕಿ. ಮೊದಲ ಚೀಲ ಆ ಒಂಟಿ ಮರದ್ದೇ ಆಗಲಿ.