ಸ್ಕ್ಯಾನ್ ಚೆನ್ನಾಗಿದೆ, ಮರೆವು ಯಾಕೆ ಹೋಗಿಲ್ಲ?

ಹೆರಿಗೆಯಾಗಿ ಎರಡು ವಾರವೂ ತುಂಬಿರಲಿಲ್ಲ, ನಿಮ್ಮ ಹೆಂಡತಿಗೆ ತಡೆಯಲಾರದ ತಲೆನೋವು, ಹಿಂದೆಯೇ ಫಿಟ್ಸ್. ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಎರಡು ವರ್ಷವಾಯಿತು, ಈಗ ಸ್ಕ್ಯಾನ್ ಚೆನ್ನಾಗಿದೆ. ಆದರೂ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಮಾತಿನ ನಡುವೆ ಪದಕ್ಕೆ ತಡಕಾಡುತ್ತಾರೆ, ಮಧ್ಯಾಹ್ನಕ್ಕೇ ಸುಸ್ತು. 'ಮನೆಯಲ್ಲಿ ಸೋಮಾರಿ ಅಂತಾರೆ, ಹೌದಾ?' ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಅವರಿಗೆ ಮೊದಲು ಇದನ್ನು ಓದಿ ಹೇಳಿ.

ಸಾಮಾನ್ಯ ಪಾರ್ಶ್ವವಾಯುವಿನಲ್ಲಿ ಮಿದುಳಿಗೆ ರಕ್ತ ಬರುವ ದಾರಿ ಮುಚ್ಚುತ್ತದೆ. ಇಲ್ಲಿ ಮುಚ್ಚುವುದು ಹೊರಹೋಗುವ ದಾರಿ. ಬಸಿಗಾಲುವೆ ಕಟ್ಟಿಕೊಂಡು ಗದ್ದೆಯಲ್ಲಿ ನೀರು ನಿಂತ ಹಾಗೆ. ಒತ್ತಡ ಏರಿ ಮಿದುಳು ಊದುತ್ತದೆ, ಕೆಲವೊಮ್ಮೆ ರಕ್ತವೂ ಸೋರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಮದ್ದನ್ನು ಬೇಗ ಕೊಟ್ಟರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಹಲವು ದೇಶಗಳ 624 ರೋಗಿಗಳನ್ನು ಗಮನಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐವರಲ್ಲಿ ನಾಲ್ವರು ಚೇತರಿಸಿಕೊಂಡಿದ್ದರು. ಆದರೆ ಅಲ್ಲಿ ನೋಡಿದ್ದು ಓಡಾಟ, ದಿನದ ಕೆಲಸ. ನೆನಪು, ಗಮನ, ಪದ ಹುಡುಕುವ ವೇಗ ಆ ಅಳತೆಗೆ ಸಿಗುವುದಿಲ್ಲ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಪದಗಳು ಕೈಕೊಡಬಹುದು. ಒಳಗಿನ ಆಳದ ಅಭಿಧಮನಿ ಕಟ್ಟಿಕೊಂಡರೆ ಮಿದುಳಿನ ನಡುವಿರುವ ಥಾಲಮಸ್ ಎಂಬ ಭಾಗ ಊದಿ, ನೆನಪು, ಚುರುಕುತನ ಎರಡೂ ಕುಗ್ಗಬಹುದು. ನಾಳ ತೆರೆದುಕೊಂಡ ಮೇಲೂ ಇದು ಉಳಿಯಬಹುದು.

ಬೇರೆ ಕಾರಣಗಳೂ ಜೊತೆಗೂಡಿರಬಹುದು. ಫಿಟ್ಸಿನ ಕೆಲವು ಮಾತ್ರೆ ಮನಸ್ಸನ್ನು ಮಂಕು ಮಾಡುತ್ತವೆ. ರಕ್ತಹೀನತೆ, ಖಿನ್ನತೆಯೂ ಹಾಗೇ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನರರೋಗ ತಜ್ಞರ ಬಳಿ ಈ ಮರೆವಿನ ವಿಷಯವನ್ನೇ ಎತ್ತಿ, ನೆನಪು ಮತ್ತು ಗಮನದ ಪರೀಕ್ಷೆ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದನ್ನು ಮಾಡುತ್ತಾರೆ. ಮನೆಯಲ್ಲಿ ಹಾಲಿಟ್ಟ ತಕ್ಷಣ ಫೋನಿನಲ್ಲಿ ಅಲಾರಂ ಇಡಲಿ. ಒಂದು ಸಲಕ್ಕೆ ಒಂದೇ ಕೆಲಸ, ಮಧ್ಯಾಹ್ನ ನಿದ್ದೆ. ಅವರು ಪದ ಹುಡುಕುವಾಗ ನೀವು ಕಾಯಿರಿ, ಸುಮ್ನೆ ಅವಸರ ಮಾಡಬೇಡಿ.

ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಕಾಡಿತು: 'ಬಾಣಂತಿ ಅಂತ ನೀರು ಕಡಿಮೆ ಕೊಡ್ತಿದ್ದೆವು.' ಅದೇ ಕಾರಣ ಎಂದು ನಾನು ಹೇಳಲಾರೆ, ನಿಮ್ಮ ತಾಯಿಯವರನ್ನು ದೂರಲೂ ಬೇಡಿ. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಜಾಸ್ತಿ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಬೇಕು.

ಇನ್ನೊಂದು ಮಗುವಿನ ಬಗ್ಗೆ ಕೇಳಿದ್ದೀರಿ. ಬೇಡ ಎನ್ನುವ ನಿಯಮವೇನಿಲ್ಲ. ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಾಣಿ, ಹೆಪಾರಿನ್ ಚುಚ್ಚುಮದ್ದು ಬೇಕಾಗಬಹುದು. ಅಲ್ಲಿಯವರೆಗೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ. ಅಂಗಡಿಯಲ್ಲಿ ಕೇಳಿ ತರುವುದಂತೂ ಬೇಡವೇ ಬೇಡ.