ತಾರಸಿ ಮೇಲೆ ಸೋಲಾರ್ ಹಾಕಿಸಬಹುದಾ?

ಪ್ರಶ್ನೆ: ವಿದ್ಯಾರಣ್ಯಪುರದಲ್ಲಿ ನಮ್ಮದು 30-40 ಸೈಟಿನ ಮನೆ. ತಿಂಗಳಿಗೆ 350 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ಸಿಗುತ್ತಿಲ್ಲ. ಯಜಮಾನರು ನಿವೃತ್ತಿಯ ದುಡ್ಡಿನಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅಂತಾರೆ. ಹಾಕಿಸಬಹುದಾ ಸರ್?

ಉತ್ತರ: ಹಾಕಿಸಿ ಅಮ್ಮಾ. ಆದರೆ ಮೊದಲು ತಾರಸಿ ಹತ್ತಿ ನೋಡಿ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೀರಿನ ಟ್ಯಾಂಕಿನದು, ಪಕ್ಕದ ಮನೆಯದು ನೆರಳು ಎಲ್ಲಿ ಬೀಳುತ್ತದೆ ಅಂತ ಗುರುತು ಮಾಡಿ. ಡಿಸೆಂಬರ್‌ನಲ್ಲಿ ನೆರಳು ಇನ್ನೂ ಉದ್ದ. ಪ್ಯಾನೆಲ್‌ನ ಒಂದು ಮೂಲೆ ಮರೆಯಾದರೂ ಉತ್ಪಾದನೆ ಚೆನ್ನಾಗಿ ಇಳಿಯುತ್ತದೆ. ದಕ್ಷಿಣಕ್ಕೆ ಖಾಲಿ ಸೈಟ್ ಇದೆಯಾ? ನಾಳೆ ಅಲ್ಲಿ ನಾಲ್ಕು ಮಹಡಿ ಎದ್ದರೆ ನಿಮ್ಮ ಬಿಸಿಲು ಹೋಯಿತು. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದೇ.

ಜಾಗ ಸುಮಾರು 300 ಚದರಡಿ ಬೇಕು. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ಕಡಿಮೆ. ಹಗಲು ಉಳಿದದ್ದು ನೆಟ್ ಮೀಟರ್ (ಹೋದ ಕರೆಂಟ್, ಬಂದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಮೂಲಕ ಬೆಸ್ಕಾಂ ಲೈನಿಗೆ ಹೋಗಿ ಬಿಲ್ಲಿನಲ್ಲಿ ಕಳೆಯುತ್ತದೆ.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಕೆಲಸ ಮುಗಿದ ಮೇಲೆ ಖಾತೆಗೆ ಬರುತ್ತದೆ, ಮೊದಲೇ ಅಲ್ಲ. ನಿವೃತ್ತಿಯ ದುಡ್ಡನ್ನೆಲ್ಲ ಇದಕ್ಕೇ ಸುರಿಯಬೇಡಿ, ದಯವಿಟ್ಟು. ಈ ಯೋಜನೆಗೆ ಬ್ಯಾಂಕ್ ಸಾಲವೂ ಸಿಗುತ್ತದೆ.

ಇನ್ನೊಂದು ಮಾತು, ಬ್ಯಾಟರಿ ಇಲ್ಲದ ಆನ್-ಗ್ರಿಡ್ ಸೋಲಾರ್, ಅಂದರೆ ಬೆಸ್ಕಾಂ ಲೈನಿಗೆ ಜೋಡಿಸಿದ್ದು, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಕರೆಂಟ್ ಹೊಡೆಯದಿರಲಿ ಅಂತ ಹಾಗೆ ಮಾಡಿರುತ್ತಾರೆ. ಮನೆಯ ಯುಪಿಎಸ್ ಮಾರಬೇಡಿ.