94ಕ್ಕೇ ನಿಂತುಬಿಡುವ ನೆಟ್

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಸಾಗರದ ಹತ್ತಿರದ ಹಳ್ಳಿಯವನು. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ ಎಂದು ಹೋದ ತಿಂಗಳು 100ರಿಂದ 200 ಎಂಬಿಪಿಎಸ್ ಪ್ಲಾನ್‌ಗೆ ಬದಲಾಯಿಸಿದೆ. ಫೈಬರ್ ಡಬ್ಬಿಯಿಂದ ನಮ್ಮ ಹಳೇ ರೂಟರ್‌ಗೆ, ಅಲ್ಲಿಂದ ಅವಳ ಲ್ಯಾಪ್‌ಟಾಪ್‌ಗೆ ವೈರ್ ಇದೆ. ಆದರೂ ಸ್ಪೀಡ್ 94 ದಾಟುವುದಿಲ್ಲ. ವೈಫೈನಲ್ಲೂ ಅಷ್ಟೇ. ನೆಟ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ ಪೂರ್ತಿ ಬರ್ತಿದೆ ಸರ್’ ಅನ್ನುತ್ತಾರೆ. ಹೊಸ ರೂಟರ್ ತರಬೇಕೇ?

ಉತ್ತರ: ಮೇಷ್ಟ್ರೇ, 94 ನೋಡಿದ ಕೂಡಲೇ ನನಗೆ ನಗು ಬಂತು, ಕ್ಷಮಿಸಿ. ಆ ಅಂಕಿ ನನ್ನ ಹಳೇ ಪರಿಚಯ. ನಿಮ್ಮ ಕಂಪನಿಯವರು ಬಹುಶಃ ನಿಜವನ್ನೇ ಹೇಳುತ್ತಿದ್ದಾರೆ.

ನೆಟ್ ನಿಧಾನವಾಗಿದ್ದರೆ ಸ್ಪೀಡ್ ಒಮ್ಮೆ 60, ಒಮ್ಮೆ 130 ಎಂದು ಕುಣಿಯುತ್ತದೆ. ಪ್ರತಿ ಸಲ 94ಕ್ಕೇ ನಿಂತರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಪೋರ್ಟೋ (ವೈರ್ ಸಿಕ್ಕಿಸುವ ಸಾಕೆಟ್) ವೈರೋ ಇದೆ ಎಂದು ಲೆಕ್ಕ. 100ರಲ್ಲಿ ಐದಾರು ಭಾಗ ಡೇಟಾದ ಮೇಲಿನ ವಿಳಾಸದ ಚೀಟಿಗಳಿಗೇ ಹೋಗುತ್ತದೆ. ಉಳಿದದ್ದು ನಮಗೆ. ವೈಫೈನಲ್ಲೂ 94 ಎಂದಿರಿ, ಅಲ್ವಾ? ಹಾಗಾದರೆ ಅಡ್ಡಿ ಇರುವುದು ಫೈಬರ್ ಡಬ್ಬಿ ಮತ್ತು ರೂಟರ್ ನಡುವೆ. ಮಗಳ ವೈರ್ ಮೇಲೆ ಸದ್ಯಕ್ಕೆ ಅನುಮಾನ ಬೇಡ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಫೈಬರ್ ಡಬ್ಬಿಯ ಹಿಂದೆ ನೋಡಿ. ಎಷ್ಟೋ ಡಬ್ಬಿಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನದು, ಉಳಿದವು 100. ಜಿಇ ಎಂದು ಬರೆದಿರುವುದು ಗಿಗಾಬಿಟ್, ಎಫ್‌ಇ ಎಂದಿರುವುದು 100. ವೈರ್ ಎಫ್‌ಇಯಲ್ಲಿದ್ದರೆ ಕಿತ್ತು ಜಿಇಗೆ ಹಾಕಿ. ಖರ್ಚಿಲ್ಲದ ರಿಪೇರಿ.

ಆಮೇಲೆ ವೈರ್. ಲ್ಯಾನ್ ವೈರಿನೊಳಗೆ ಎಂಟು ಎಳೆ ಇರುತ್ತವೆ. 100ಕ್ಕೆ ನಾಲ್ಕು ಸಾಕು, ಸಾಮಾನ್ಯವಾಗಿ ಕಿತ್ತಳೆ ಮತ್ತು ಹಸಿರು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿಯದೋ ಕಂದು ಬಣ್ಣದ್ದೋ ಒಂದೇ ಎಳೆ ತುಂಡಾಗಿದ್ದರೂ ಎಷ್ಟೋ ಸಲ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ! ನಮ್ಮ ಮನೆಯಲ್ಲಿ ವೈರಿಂಗ್ ಮಾಡಿದ ಹುಡುಗ ವೈರ್ ಉಳಿಸಲು ನಾಲ್ಕು ಎಳೆ ನೆಟ್‌ಗೆ, ನಾಲ್ಕು ಎಳೆ ಕ್ಯಾಮೆರಾಗೆ ಎಂದು ಹಂಚಿಬಿಟ್ಟಿದ್ದ. ಅದು ತಿಳಿಯದೆ ನಾನು ರೂಟರ್ ಬದಲಾಯಿಸಿದೆ. ಮತ್ತೆ 94. ಆದ್ದರಿಂದ ಮೊದಲು ಒಂದು ಮೀಟರಿನ ಹೊಸ ಕ್ಯಾಟ್ 5ಇ ಅಥವಾ ಕ್ಯಾಟ್ 6 ವೈರ್ ತಂದು ಲ್ಯಾಪ್‌ಟಾಪನ್ನು ನೇರ ಫೈಬರ್ ಡಬ್ಬಿಗೆ ಹಾಕಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್‌ನೆಟ್ ಎಂದು ಹೋದರೆ ‘ಲಿಂಕ್ ಸ್ಪೀಡ್’ ಕಾಣುತ್ತದೆ. ಅಲ್ಲಿ 1000 ಎಂದಿದ್ದರೆ ಡಬ್ಬಿ ಸರಿ, ವೈರ್ ಸರಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ಸಾಕೆಟ್ ಇಲ್ಲದೆ ಯುಎಸ್‌ಬಿ ಕನ್ವರ್ಟರ್ ಹಾಕಿದ್ದರೆ ಅದೂ 100ರದ್ದಲ್ಲ ತಾನೇ ಎಂದು ನೋಡಿಕೊಳ್ಳಿ.

ಅಲ್ಲಿ 1000 ಬಂದು, ಅದೇ ವೈರಿನಲ್ಲಿ ಫೈಬರ್ ಡಬ್ಬಿಯನ್ನು ರೂಟರ್‌ಗೆ ಹಾಕಿದಾಗ ಮತ್ತೆ 94 ಆದರೆ ತಪ್ಪು ರೂಟರಿನದೇ. ಆಗ ಹೊಸದು ತನ್ನಿ. ರೂಟರಿನ ಪ್ಯಾಕ್ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 1200 ಎಂಬುದು ಎರಡು ವೈಫೈ ಬ್ಯಾಂಡ್‌ಗಳನ್ನು, 300 ಮತ್ತು 867, ಕೂಡಿಸಿ ಮೇಲಕ್ಕೆ ಏರಿಸಿದ ಲೆಕ್ಕ. ಹಿಂದಿನ ಪೋರ್ಟುಗಳು 100ರವೇ ಇರಬಹುದು. ಸಣ್ಣ ಅಕ್ಷರದಲ್ಲಿ 10/100/1000 ಎಂದಿರಬೇಕು, ವ್ಯಾನ್ (ಫೈಬರ್ ಡಬ್ಬಿಯಿಂದ ವೈರ್ ಬರುವ ಪೋರ್ಟ್) ಮತ್ತು ಲ್ಯಾನ್ (ಲ್ಯಾಪ್‌ಟಾಪ್‌ಗೆ ವೈರ್ ಹೋಗುವ ಪೋರ್ಟ್) ಎರಡಕ್ಕೂ.

ಇಷ್ಟಕ್ಕೂ ಮಗಳಿಗೆ ಬರೀ ಮೀಟಿಂಗ್‌ಗಳಾದರೆ 94 ಧಾರಾಳ, ಸುಮ್ನೆ ದುಡ್ಡು ಹಾಕಬೇಡಿ. 10 ಜಿಬಿಯಂಥ ದೊಡ್ಡ ಫೈಲ್ ದಿನಾ ಇಳಿಸುತ್ತಾಳೆ ಅಂದರೆ ಮಾತ್ರ ಲಾಭ. ಈಗ ಸುಮಾರು 14 ನಿಮಿಷ ಹಿಡಿಯುವುದು ಆಗ ಏಳಕ್ಕೆ ಇಳಿಯುತ್ತದೆ.

ಇನ್ನೊಂದು. ಹಳೇ ರೂಟರ್ ಬಿಚ್ಚುವ ಮುಂಚೆ ಕಂಪನಿಯವರಿಗೆ ಫೋನ್ ಮಾಡಿ ಪಿಪಿಪಿಒಇ (ರೂಟರ್ ನೆಟ್‌ಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗುತ್ತದೆಯೇ ಎಂದು ಕೇಳಿ, ಬರೆದಿಟ್ಟುಕೊಳ್ಳಿ. ನಾನು ಕೇಳದೆ ಒಂದು ಶನಿವಾರ ಸಂಜೆ ರೀಸೆಟ್ ಒತ್ತಿ, ಸೋಮವಾರದವರೆಗೆ ಹೆಂಡತಿಯ ಮೊಬೈಲ್ ಹಾಟ್‌ಸ್ಪಾಟ್ ಬೇಡಿಕೊಂಡಿದ್ದೆ.